ಶಿವಶರಣಪ್ಪನ ಬಲ್ಬಿನ ಸರ

ಅಮರಗುಂಡಪ್ಪ ಮತ್ತೊಮ್ಮೆ ಸ್ವಿಚ್ಚು ಒತ್ತಿದ. ಬಾಗಿಲ ಚೌಕಟ್ಟಿನ ಸುತ್ತ ಇಳಿಬಿಟ್ಟಿದ್ದ ಬಲ್ಬಿನ ಸರದಲ್ಲಿ ಒಂದೂ ಹತ್ತಲಿಲ್ಲ. ಸ್ಟೂಲು ಹತ್ತಿ, ಹೋಲ್ಡರಿಗೆ ಸಿಕ್ಕಿಸಿದ್ದ ತುದಿಯನ್ನು ಅಲ್ಲಾಡಿಸಿ, ಇಳಿದು ಒತ್ತಿದ. ಮತ್ತೆ ಹತ್ತಿ, ಬಿಚ್ಚಿ, ಬಾಯಿಂದ ಊದಿ, ಸಿಕ್ಕಿಸಿ, ಇಳಿದು ಒತ್ತಿದ. ಊಹುಂ.

"ಕರೆಂಟ್ ಐತೋ ಇಲ್ಲೋ ಮೊದಲು ನೋಡ್ರಿ," ಎಂದು ಅಡಿಗೆಮನೆಯಿಂದ ಹೆಂಡತಿ ಕಲ್ಯಾಣಮ್ಮ ಕೂಗಿದಳು.

"ಕರೆಂಟಿಗೇನ್ ಧಾಡಿ? ಮಿಲ್ಲಿನ ಸಪ್ಪಳ ಕೇಳವಲ್ದೇನು ನಿನಗ?"

ಹಟ್ಟಿಯ ಚಿನ್ನದ ಗಣಿಯ ಮಿಲ್ಲು ಹಗಲೂ ರಾತ್ರಿ ಕಲ್ಲು ಕುಟ್ಟುತ್ತಿತ್ತು. ಆ ಸಪ್ಪಳ ಇದೆ ಎಂದರೆ ಕರೆಂಟೂ ಇದೆ ಎಂಬುದು ಕಂಪನಿ ಕೆಲಸಗಾರರ ಲೈನುಮನೆಗಳ ಕೂಸುಗಳಿಗೂ ಗೊತ್ತು. ಕಲ್ಯಾಣಮ್ಮನಿಗೆ ಗೊತ್ತಿರದೆ ಏನು! ಆದರೂ ಕೇಳಿದಳು. ಸರ ಯಾಕೆ ಹತ್ತುತ್ತಿಲ್ಲ ಎಂಬ ಬಗ್ಗೆ ಅವಳಿಗೊಂದು ಅನುಮಾನವಿತ್ತು, ಅದನ್ನು ಗಂಡನ ಎದುರು ಬಾಯಿಬಿಡುವ ಧೈರ್ಯ ಇರಲಿಲ್ಲ.

ಆ ಸರ ಅವರ ಮಗ ಶಿವಶರಣಪ್ಪ ಮಾಡಿದ್ದು. ಕಂಪನಿಯಲ್ಲಿ ವಾಯರ್‌ಮನ್ ಆಗಿದ್ದವನು ಅವನು. ಮದುವೆಯಾದ ವರ್ಷ ಮೊದಲ ದೀಪಾವಳಿಗೆಂದು, ಲಿಂಗಸುಗೂರಿನ ಸಂತೆಗೆ ಹೋದಾಗಲೆಲ್ಲ ಮೋಟಾರು ಸಾಮಾನಿನ ಅಂಗಡಿಯಿಂದ ಎರಡೋ ಮೂರೋ ಸಣ್ಣ ಬಲ್ಬು ತಂದು ಕೂಡಿಹಾಕಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಬೆಸೆದು, ಉದ್ದಕ್ಕೆ ಪೋಣಿಸಿದ್ದ. ಅವನ ಹೆಂಡತಿ ಬಸವಣ್ಣೆಮ್ಮ ಒಂದೊಂದು ಬಲ್ಬಿಗೂ ಗಾಳಿಪಟದ ಕೆಂಪು, ಹಸಿರು, ಹಳದಿ ಕಾಗದವನ್ನು ಅನ್ನದ ಗಂಜಿಯಿಂದ ಅಂಟಿಸಿದ್ದಳು. ಆ ದೀಪಾವಳಿಗೆ ಲೈನಿನ ಮಂದಿಯೆಲ್ಲ ಬಂದು ಬಾಗಿಲ ಮುಂದೆ ನಿಂತಿದ್ದರು. ಮರು ವರ್ಷ ಶ್ರಾವಣದಲ್ಲಿ ಅವನಿಗೆ ವಿಷಮಜ್ವರ ಬಂತು. ದವಾಖಾನೆ, ಮಠದ ಅಂಗಾರ, ಮಸ್ಕಿಯ ಮಲ್ಲಯ್ಯನಿಗೆ ಹರಕೆ, ಎಲ್ಲ ಆಯಿತು. ಶಿವಶರಣಪ್ಪನನ್ನು ಮಣ್ಣು ಮಾಡಿ ಬಂದರು. ಆ ವರ್ಷ ಹಬ್ಬ ಇರಲಿಲ್ಲ. ಈ ವರ್ಷ ಪುಣ್ಯತಿಥಿ ಮುಗಿದಿತ್ತು, ಹಬ್ಬ ಮಾಡಬಹುದಿತ್ತು.

ಅದಕ್ಕಿಂತ ಹೆಚ್ಚಾಗಿ, ಇವತ್ತು ಹೊತ್ತು ಮುಳುಗುವುದರೊಳಗೆ ಸರ ಹತ್ತಬೇಕಿತ್ತು. ನಾಳೆ ಹತ್ತಿದರೆ ಯಾರಿಗೆ ಬೇಕು? ನೋಡಬೇಕಾದವಳೇ ಇರುವುದಿಲ್ಲ.

ಬಸವಣ್ಣೆಮ್ಮನಿಗೆ ಉಡಿಕೆ ಗೊತ್ತಾಗಿತ್ತು. ಗಂಡ ಸತ್ತ ಹುಡುಗಿಗೆ ಮತ್ತೊಬ್ಬನ ಕೈಯಿಂದ ಸೀರೆ ಉಡಿಸಿ ಸಂಸಾರಕ್ಕೆ ಹಚ್ಚುವುದು ಅವರಲ್ಲಿ ಮೊದಲಿನಿಂದ ಇದ್ದದ್ದೇ. ಆದರೆ ಅದಕ್ಕೆ ವಾಲಗವಿಲ್ಲ, ಹಂದರವಿಲ್ಲ, ಬೆಳಕೂ ಇಲ್ಲ. ಕತ್ತಲ ಪಕ್ಷದಲ್ಲಿ, ಹೊತ್ತು ಮುಳುಗಿದ ಮೇಲೆ, ದೀಪವಿಲ್ಲದೆ, ಹಿತ್ತಲ ಬಾಗಿಲಿನಿಂದ ಹೊರಡಬೇಕು. ಮುತ್ತೈದೆಯರು ನೋಡಬಾರದು. ಮೊದಲ ಗಂಡನ ಮನೆಯ ಒಂದು ದಾರದ ಎಳೆಯನ್ನೂ ಮೈಮೇಲೆ ಒಯ್ಯಬಾರದು. ವರ ಬಳಗಾನೂರಿನವನು, ಹೆಂಡತಿ ತೀರಿಕೊಂಡು ಒಂದು ಹೆಣ್ಣು ಕೂಸು ಇದ್ದವನು. ಹೊಲಕ್ಕೆ ಹೊಸ ಕಾಲುವೆಯ ನೀರು ಬರುವುದಿತ್ತು. ಬಸವಣ್ಣೆಮ್ಮನ ಅಣ್ಣ ಪಂಪಣ್ಣ ಇವತ್ತು ಸಂಜೆ ಬಂಡಿ ತಂದು ಲಿಂಗಸುಗೂರಿನ ನೆಂಟರ ಮನೆಗೆ ಕರೆದೊಯ್ಯುವವನು. ಅಲ್ಲೇ ಇವತ್ತು ರಾತ್ರಿ ಸೀರೆ ಉಡಿಸುವುದು.

ಈ ಸಂಬಂಧವನ್ನು ಹಟ ಹಿಡಿದು ಕುದುರಿಸಿದವಳು ಕಲ್ಯಾಣಮ್ಮನೇ. ಸ್ವಂತ ಸೊಸೆಯನ್ನು ಕಳಿಸಲು ಇಷ್ಟು ಅವಸರವೇ ಎಂದು ಓಣಿಯ ಹೆಂಗಸರು ಆಡಿಕೊಂಡರು. "ನಾವಿಬ್ಬರು ಎಷ್ಟು ದಿನ ಇರೋರು? ಆಕಿಗಿನ್ನಾ ಇಪ್ಪತ್ತು ತುಂಬಿಲ್ಲ. ನಮ್ಮ ಮಾರಿ ನೋಡ್ಕೋತ ಮುದುಕಿ ಆಗಬೇಕೇನು?" ಎಂದು ಅವಳು ಗಂಡನಿಗೂ ಓಣಿಗೂ ಒಂದೇ ಉತ್ತರ ಕೊಟ್ಟಳು. ಓಣಿ ಸುಮ್ಮನಾಯಿತು. ಗಂಡ ಮೊದಲಿಂದಲೂ ಸುಮ್ಮನೇ ಇದ್ದ. ಹೂಂ ಅನ್ನಲಿಲ್ಲ, ಊಹುಂ ಅನ್ನಲಿಲ್ಲ. ಮಿಲ್ಲಿಗೆ ಹೋದ, ಬಂದ, ಉಂಡ, ಮಲಗಿದ. ಬಸವಣ್ಣೆಮ್ಮ ಅಣ್ಣನಿಗೆ ಒಂದೇ ಮಾತು ಹೇಳಿ ಕಳಿಸಿದ್ದಳು: "ಮಾವ ತಮ್ಮ ಬಾಯಿಲೆ ಹೋಗಂದ್ರ ಬರ್ತೀನಿ. ಇಲ್ಲಾಂದ್ರ ಬಂಡಿ ಖಾಲಿ ಒಯ್ಯಿ." ಆ ಮಾತು ಮಾವನ ಕಿವಿಗೂ ಬಿದ್ದಿತ್ತು. ಆದರೂ ಅವನು ತುಟಿ ಬಿಚ್ಚಿರಲಿಲ್ಲ.

ಬಿಚ್ಚುವುದಾದರೂ ಹೇಗೆ? ಶಿವಶರಣಪ್ಪ ಉಣ್ಣುವಾಗ ಯಾವ ಕಡೆ ಮುಖ ಮಾಡಿ ಕೂಡುತ್ತಿದ್ದ, ನಿದ್ದೆಯಲ್ಲಿ ಏನು ಬಡಬಡಿಸುತ್ತಿದ್ದ ಎಂಬುದೆಲ್ಲ ಬಲ್ಲವಳು ಬಸವಣ್ಣೆಮ್ಮ. ಅವಳು ಹೊಸ್ತಿಲು ದಾಟಿದರೆ ಮಗ ಇನ್ನೊಂದು ಸಲ ಸತ್ತ ಹಾಗೆ ಎಂದು ಅಮರಗುಂಡಪ್ಪನಿಗೆ ಅನಿಸುತ್ತಿತ್ತು. ಹಾಗಂತ ಇರು ಅನ್ನಲೂ ನಾಲಗೆ ಏಳುತ್ತಿರಲಿಲ್ಲ. ಅವನೇನು ಕಟುಕನೇ?

ಸರ ಹಚ್ಚುವ ವಿಚಾರವೂ ಕಲ್ಯಾಣಮ್ಮನದೇ. "ಆಕಿ ಕಣ್ಣಿಲೆ ಒಮ್ಮೆ ನೋಡಿ ಹೋಗ್ಲಿ," ಅಂದಿದ್ದಳು. ಅದಕ್ಕೆ ಮಾತ್ರ ಅವನು ಇಲ್ಲ ಅನ್ನಲಿಲ್ಲ. ಮಧ್ಯಾಹ್ನವೇ ಡ್ಯೂಟಿ ಬಿಟ್ಟು ಬಂದು, ಮನೆಗಿದ್ದ ಒಂದೇ ಬಲ್ಬನ್ನು ಬಿಚ್ಚಿ, ಆ ಹೋಲ್ಡರಿಗೆ ಸರದ ತುದಿಯನ್ನು ಸಿಕ್ಕಿಸಿದ್ದ. ಮಗ ಹಾಗೇ ಮಾಡುತ್ತಿದ್ದುದನ್ನು ನೋಡಿದ್ದ. ಅಷ್ಟೇ ಅವನಿಗೆ ಗೊತ್ತಿದ್ದದ್ದು.

"ಬಾಜೂಕ ದಸ್ತಗೀರ್‌ಸಾಬ್ರನ ಕರೀಲೇನು?" ಅಂದಳು ಕಲ್ಯಾಣಮ್ಮ. "ಅವರ ಅಳಿಯ ವಾಯರಿನ ಕೆಲಸ ಬಲ್ಲಾನ."

"ಬ್ಯಾಡ. ನನ್ನ ಮಗ ಮಾಡಿದ್ದಕ್ಕ ಇನ್ನೊಬ್ಬರ ಕೈ ಹಚ್ಚಂಗಿಲ್ಲ."

"ಹಂಗಾರ ನೀವ ಮಾಡ್ರಿ. ಹೊತ್ತು ಏನ್ ನಿಮ್ಮ ದಾರಿ ಕಾಯ್ತದನು?"

ಅಮರಗುಂಡಪ್ಪ ಹೋಲ್ಡರಿನ ತುದಿಯನ್ನು ಹಾಗೇ ಬಿಟ್ಟು ಸರವನ್ನು ಬಾಗಿಲಿನಿಂದ ಇಳಿಸಿ ನಡುಮನೆಯ ನೆಲದ ಮೇಲೆ ಹರವಿಕೊಂಡು ಕುಳಿತ. ಬೆಳಕಿಗೆ ಹಿಡಿದು ನೋಡಿದರೆ ಬಲ್ಬುಗಳ ಬಣ್ಣದ ಕಾಗದವೆಲ್ಲ ಹೋಗಿತ್ತು. ಒಂದಕ್ಕೆ ಮಾತ್ರ ಕೆಂಪು ಕಾಗದ ಹೇಗೋ ಉಳಿದುಕೊಂಡಿತ್ತು. ಬೆಸೆದ ಜಾಗಗಳಲ್ಲಿ ಹಸಿರು ಕಿಲುಬು ಹಿಡಿದಿತ್ತು.

"ಇದೇನಲೇ ಇದು? ಇಲಿ ಉಚ್ಚಿ ಹೊಯ್ದಾವೇನು ಇದರ ಮ್ಯಾಲೆ?"

ಕಲ್ಯಾಣಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಹಿಟ್ಟಿತ್ತು. ಒಮ್ಮೆಲೇ ಅವಳ ಕಣ್ಣು ತುಂಬಿ ಬಂತು.

"ಇಲಿ ಅಲ್ರಿ. ನಾ ತೊಳದೆ."

"ಏನು?"

"ಮಹಾನವಮಿಗೆ ಸಾಮಾನೆಲ್ಲ ತೊಳದ್ನೆಲ್ಲ, ಅವಾಗ ಇದನ್ನೂ ತೊಳದೆ. ಧೂಳ ಹಿಡದಿತ್ರಿ, ನೋಡಾಕಾಗಲಿಲ್ಲ. ಹುಣಸಿಹಣ್ಣು, ಬೂದಿ ಹಚ್ಚಿ, ಒಂದೊಂದ ತಿಕ್ಕಿ ತಿಕ್ಕಿ ತೊಳದು ಬಿಸಲಿಗೆ ಹಾಕಿದ್ದೆ. ನನ್ನ ಮಗಂದು ಫಳಫಳ ಹೊಳೀಲಿ ಅಂತ."

ಅಮರಗುಂಡಪ್ಪ ಬಾಯಿ ತೆರೆದ. ಬೈಗುಳ ನಾಲಗೆಯ ತುದಿಗೆ ಬಂದಿತ್ತು. ಮೂವತ್ತು ವರ್ಷ ಅವಳನ್ನು ಬೈದು ರೂಢಿಯಾದವನು. ಆದರೆ ತಾಮ್ರದ ಹಂಡೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಮಗ ಬೆಸೆದ ಒಂದೊಂದೇ ಬಲ್ಬನ್ನು ತಂಬಿಗೆ ತಿಕ್ಕಿದ ಹಾಗೆ ತಿಕ್ಕುತ್ತಿರುವ ಹೆಂಡತಿ ಕಣ್ಣಿಗೆ ಕಟ್ಟಿದಳು. ಬೈಗುಳ ಬರಲಿಲ್ಲ.

"ಹುಚ್ಚಿ," ಎಂದಷ್ಟೇ ಅಂದ.

ಬಸವಣ್ಣೆಮ್ಮ ಹಿತ್ತಲಲ್ಲಿದ್ದಳು. ಅವತ್ತು ನೀರು ತುಂಬುವ ಹಬ್ಬ. ಮರುದಿನ ನಸುಕಿನಲ್ಲಿ ಎಲ್ಲರೂ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವ ನೀರನ್ನು ಆ ಸಂಜೆಯೇ ಹಂಡೆಗೆ ತುಂಬಬೇಕು. ನಾಳೆಯ ನೀರಿನಲ್ಲಿ ತನ್ನ ಪಾಲಿಲ್ಲ ಎಂದು ಗೊತ್ತಿದ್ದೂ ಅವಳು ಕೊಡದ ಮೇಲೆ ಕೊಡ ತಂದು ಹಂಡೆ ತುಂಬಿಸಿದ್ದಳು, ಹಂಡೆಯ ಕೊರಳಿಗೆ ಹಬ್ಬದ ಹಿಂಡಲಿಕಾಯಿಯ ಬಳ್ಳಿ ಸುತ್ತಿದ್ದಳು. ಅತ್ತೆಯ ದನಿ ಒಡೆದದ್ದು ಕೇಳಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಮಾವ ನೆಲದ ಮೇಲೆ ಸರ ಹರಡಿಕೊಂಡು ಕೂತಿದ್ದನ್ನು ನೋಡಿ ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲ ಮರೆಗೆ ಸರಿದಳು.

ಅವಳು ಈ ಮನೆಗೆ ಬಂದಾಗಿನಿಂದ ಮಾವನೊಂದಿಗೆ ಎದುರಾ ಎದುರು ಮಾತಾಡಿದವಳಲ್ಲ. ಮಸ್ಕಿಯ ಅಮರಗುಂಡಪ್ಪನ ಮನೆತನದಲ್ಲಿ ಸೊಸೆ ಮಾವನಿಗೆ ಏನು ಹೇಳುವುದಿದ್ದರೂ ಅತ್ತೆಯ ಮೂಲಕವೇ. ರಜಾಕಾರರ ಗದ್ದಲದ ವರ್ಷ ಊರು ಬಿಟ್ಟು ಹಟ್ಟಿಗೆ ಬಂದರೂ ಆ ರಿವಾಜು ಬಿಟ್ಟಿರಲಿಲ್ಲ. ಮಾವ ಎರಡು ಮೊಳ ದೂರದಲ್ಲಿ ಕೂತಿದ್ದರೂ ಅವಳು ಅತ್ತೆಯ ಕಡೆ ಮುಖ ಮಾಡಿ ಹೇಳುವಳು, ಅತ್ತೆ ಅದನ್ನೇ ಮತ್ತೆ ಹೇಳುವಳು, ಆಗ ಮಾವನಿಗೆ ಕೇಳಿಸುವುದು. ಶಿವಶರಣಪ್ಪ ಇದನ್ನು ನೋಡಿ ನಕ್ಕೂ ನಕ್ಕೂ ಸುಸ್ತಾಗುತ್ತಿದ್ದ.

"ಅತ್ತಿ, ಹಂಗ ಕಣ್ಣಿಲೆ ನೋಡಿದ್ರ ತಿಳಿಯಂಗಿಲ್ಲ ಅನ್ರಿ. ಒಂದ ಕೆಟ್ಟಿದ್ರೂ ಅಷ್ಟೂ ಹತ್ತಂಗಿಲ್ಲ. ಯಾವುದು ಕೆಟ್ಟೈತಿ ಅಂತ ಒಂದೊಂದ ಹಚ್ಚಿ ನೋಡಬೇಕು."

"ಏನಂತಾಳ?" ಅಂದ ಅಮರಗುಂಡಪ್ಪ, ಎಲ್ಲ ಕೇಳಿಸಿಕೊಂಡು.

"ಒಂದೊಂದ ನೋಡಬೇಕಂತ," ಅಂದಳು ಕಲ್ಯಾಣಮ್ಮ ಮೂಗು ಒರೆಸಿಕೊಳ್ಳುತ್ತ.

"ಒಂದೊಂದ ನೋಡದ ಏನ್ ಮಾಡಾಕತ್ತೀನಿ ನಾ?"

ಸಿಟ್ಟಿನಿಂದ ಎದ್ದು ಹೋಗಿ ಅವನು ಸ್ವಿಚ್ಚು ಒತ್ತಿ ಬಂದ. ಯಾವುದಾದರೂ ಸಡಿಲಾಗಿದ್ದರೆ ಕೈಯಿಂದ ಅಲುಗಿಸುವಾಗ ಹತ್ತೀತು ಎಂಬ ಲೆಕ್ಕ. ಬಗ್ಗಿ, ಕಿಲುಬು ಹಿಡಿದು ಬರಿದಾಗಿದ್ದ ಒಂದು ಬೆಸುಗೆಗೆ ಬೆರಳು ಚಾಚಿದ.

"ಮಾವಾ! ಮುಟ್ಟಬ್ಯಾಡ್ರಿ!"

ಆ ಕೂಗಿಗೆ ಅವನ ಕೈ ಗಾಳಿಯಲ್ಲೇ ನಿಂತಿತು. ಬಸವಣ್ಣೆಮ್ಮ ಓಡಿ ಹೋಗಿ ಸ್ವಿಚ್ಚು ಆರಿಸಿದಳು. ತಿರುಗಿ ನೋಡುವಾಗ ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿದ್ದಿತ್ತು. "ಹೊಡೀತದ್ರೀ ಅದು. ಬಲ್ಬು ಹತ್ತದಿದ್ರೂ ಅದರಾಗ ಕರೆಂಟ್ ಇರ್ತೈತಿ. ಅವರು ನನಗ ನೂರು ಸಲ ಹೇಳ್ಯಾರ. ನಿಮಗೂ ಏನರ ಆದ್ರ..."

ಕಲ್ಯಾಣಮ್ಮ ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದಿದ್ದಳು. ಸೊಸೆ ಮಾವನಿಗೆ ನೇರ ಹೇಳಿದ ಮೊದಲ ಮಾತು ಅದು, ಹೊರಡುವ ದಿನ ಬಂತು.

ಅಮರಗುಂಡಪ್ಪ ಕೈ ಹಿಂದೆ ತೆಗೆದುಕೊಂಡ. "ಹಂಗಾರ ಹೆಂಗ ನೋಡಬೇಕು, ಹೇಳು," ಅಂದ. ಹೆಂಡತಿಯ ಕಡೆ ತಿರುಗದೆ, ಸೊಸೆಗೇ ಅಂದ.

ಬಸವಣ್ಣೆಮ್ಮ ಒಳಗೆ ಹೋಗಿ ಗಂಡನ ತಗಡಿನ ಡಬ್ಬಿಯನ್ನು ತಂದಳು. ವರ್ಷದ ಮೇಲಾಯಿತು, ಯಾರೂ ಅದನ್ನು ತೆರೆದಿರಲಿಲ್ಲ. ಅದರಲ್ಲಿ ಇಕ್ಕಳ, ಸಣ್ಣ ಚಾಕು, ಒಂದು ಬೀಡಿ ಕಟ್ಟು, ಮತ್ತೆ ಸೈಕಲ್ ಟ್ಯೂಬಿನ ತುಂಡಿನಲ್ಲಿ ಬ್ಯಾಟರಿ ಸೆಲ್ಲುಗಳನ್ನು ತುರುಕಿ ಎರಡು ತುದಿಗೂ ವಾಯರು ಕಟ್ಟಿದ ಒಂದು ಸಾಮಾನು ಇತ್ತು. "ಇದರ ಎರಡೂ ತುದಿ ಬಲ್ಬಿನ ಆ ಕಡೆ ಈ ಕಡೆ ಹಚ್ಚಿದ್ರ, ಚೊಲೋದಿದ್ರ ಹತ್ತತೈತ್ರಿ, ಕೆಟ್ಟಿದ್ರ ಇಲ್ಲ. ಸೆಲ್ಲು ಸತ್ತಾವು. ಹೊಸಾವು ಬೇಕು."

ದಸ್ತಗೀರ್‌ಸಾಬ್ ಗಣಿಯ ರಾತ್ರಿ ಪಾಳಿಯ ಕಾವಲುಗಾರ. ಅವನ ಹೆಂಡತಿ ಇಮಾಮ್‌ಬೀ ಗೋಡೆಯ ಮೇಲಿಂದಲೇ ಗಂಡನ ಕೈದೀಪದ ಬ್ಯಾಟರಿ ಕೊಟ್ಟಳು. "ಅವರು ಎದ್ದು ಡ್ಯೂಟಿಗೆ ಹೋಗೋದ್ರಾಗ ಕೊಡ್ರಿ ಅಕ್ಕಾ. ಇಲ್ಲಾಂದ್ರ ನನ್ನ ತಲಿ ತಿಂತಾರ," ಅಂದಳು. ಆಮೇಲೆ ದನಿ ತಗ್ಗಿಸಿ, "ಬಸವಣ್ಣೆಮ್ಮ ಇವತ್ತು ಹೋಗ್ತಾಳ ಹೌದಲ್ರಿ?" ಅಂದಳು. ಕಲ್ಯಾಣಮ್ಮ ತಲೆಯಾಡಿಸಿದಳು, ಹೌದು ಎಂದೋ ಇಲ್ಲ ಎಂದೋ ತಿಳಿಯದ ಹಾಗೆ.

ಸೆಲ್ಲುಗಳನ್ನು ಟ್ಯೂಬಿಗೆ ಹಾಕಿದ ಮೇಲೆ ಕೆಲಸ ಸಾಗಿತು. ಅಮರಗುಂಡಪ್ಪ ಚಾಕುವಿನಿಂದ ಕಿಲುಬು ಕೆರೆದು ಕೊಡುವನು, ಬಸವಣ್ಣೆಮ್ಮ ವಾಯರು ತಾಗಿಸುವಳು. ಬಲ್ಬಿನೊಳಗೆ ಕೆಂಪನೆಯ ಸಣ್ಣ ಎಳೆ ಮೂಡಿದರೆ ಮುಂದಿನದು. ಮೊದಲ ಎಳೆ ಮೂಡಿದಾಗ ಕಲ್ಯಾಣಮ್ಮ, "ಅಯ್ಯ ನನ ಶಿವನ, ಹತ್ತಿತಲ್ಲ!" ಎಂದು ಕೂಸಿನ ಹಾಗೆ ಚಪ್ಪಾಳೆ ತಟ್ಟಿ, ಆಮೇಲೆ ನಾಚಿ ರೊಟ್ಟಿಯ ಹಿಟ್ಟಿಗೆ ಹೋದಳು.

ಹತ್ತದವೂ ಸಿಕ್ಕವು. ಹುಣಸೆಹಣ್ಣಿನ ಹುಳಿ ಕೆಲವುಗಳ ತಂತಿಯ ಕಾಲನ್ನು ತಿಂದುಹಾಕಿತ್ತು. ಅಂಥ ಬಲ್ಬನ್ನು ಕತ್ತರಿಸಿ ತೆಗೆದು, ಎರಡು ಕಡೆಯ ವಾಯರನ್ನು ಹೊಸೆದು ಕೂಡಿಸಬೇಕು. ಹೇಗೆ ಹೊಸೆಯಬೇಕೆಂದು ಬಸವಣ್ಣೆಮ್ಮ ತೋರಿಸಿದಳು. ಮಿಲ್ಲಿನಲ್ಲಿ ಬೆಲ್ಟು ಹೊಲಿದು ದಪ್ಪಗಾದ ಅಮರಗುಂಡಪ್ಪನ ಬೆರಳಿಗೆ ಆ ಸಣ್ಣ ತಂತಿ ಸಿಗುತ್ತಿರಲಿಲ್ಲ. ಎರಡು ಮೂರು ಕೆಡಿಸಿದ ಮೇಲೆ ಕೈ ಕುದುರಿತು.

"ಇದಕ್ಕ ಹೊಸಾ ಬಲ್ಬು ಹಾಕಬೇಕಲ್ಲ?" ಅಂದ.

"ಹಾಕಬೇಕ್ರಿ. ಈಗ ಎಲ್ಲಿ ಸಿಗಬೇಕು? ಸಂತಿ ಇಲ್ಲ. ಹಿಂಗ ಕೂಡಿಸಿದ್ರೂ ಹತ್ತತಾವು. ಆದ್ರ ತಗದದ್ದರ ಪಾಲಿನ ಕರೆಂಟ್ ಉಳಿದವು ಹೊರಬೇಕಂತ. ಭಾಳ ತಗದ್ರ ಜೋರಾಗಿ ಉರಿತಾವು, ಆಮ್ಯಾಲೆ ಸುಟ್ಟು ಹೋಗ್ತಾವು ಅಂತಿದ್ರು."

"ಮತ್ತೇನೇನಂತಿದ್ದ?"

ಬಸವಣ್ಣೆಮ್ಮ ತಲೆ ತಗ್ಗಿಸಿಕೊಂಡೇ ಹೇಳಿದಳು. ಬೆಸೆಯುವಾಗ ಬೆರಳು ಸುಟ್ಟುಕೊಂಡು ಬಾಯಲ್ಲಿಟ್ಟುಕೊಂಡು ಕುಣಿಯುತ್ತಿದ್ದುದು. ತಾನು ಅಂಟಿಸಿದ ಕಾಗದ ಸೊಟ್ಟಗಾದರೆ 'ನಿನ್ನ ಬೈತಲೆ ಹಂಗ ಐತಿ' ಎಂದು ಕಾಡುತ್ತಿದ್ದುದು. ಸರವನ್ನು ಮಾವನಿಗೆ ಗೊತ್ತಾಗದಂತೆ ಜೋಳದ ಚೀಲದ ಹಿಂದೆ ಬಚ್ಚಿಟ್ಟದ್ದು.

"ನನಗ್ಯಾಕ ಗೊತ್ತಾಗಬಾರದು?"

"ಒಮ್ಮೆಲೆ ಹಚ್ಚಿ ತೋರಿಸಬೇಕಂತ ಇತ್ರಿ ಅವರಿಗೆ. ನೀವು ಏನಂತೀರಿ ಅಂತ ಅವತ್ತು ಮುಂಜಾನಿಂದ ಒಂದ ಸವನ ಅದನ್ನ ಕೇಳ್ತಿದ್ರು ನನಗ."

ಅಮರಗುಂಡಪ್ಪನಿಗೆ ಆ ಸಂಜೆ ನೆನಪಿತ್ತು. ಪಾಳಿ ಮುಗಿಸಿ ದಣಿದು ಬಂದಿದ್ದ. ಬಾಗಿಲ ತುಂಬ ಕೆಂಪು ಹಸಿರು ಹಳದಿ ಬೆಳಕು. ಮಗ ಪಕ್ಕದಲ್ಲಿ ನಿಂತು ಮುಖವನ್ನೇ ನೋಡುತ್ತಿದ್ದ. "ಒಳಗ ಕತ್ತಲ ಮಾಡಿ ಹೊರಗ ಹಚ್ಚೀಯಲ್ಲೋ, ನಾ ಹೆಂಗ ಉಣ್ಣಬೇಕು?" ಅಂದಿದ್ದ ಅಮರಗುಂಡಪ್ಪ. ಚಂದ ಐತಿ ಎಂದು ಅನಿಸಿತ್ತು, ನಿಜವಾಗಿಯೂ ಅನಿಸಿತ್ತು. ನಾಳೆ ಅಂದರಾಯಿತು ಎಂದು ಬಿಟ್ಟಿದ್ದ. ಈಗ ಯಾರಿಗೆ ಹೇಳಬೇಕು? ಅವನು ಚಾಕುವನ್ನು ಕೆಳಗಿಟ್ಟು, ಎರಡು ಕೈಯಿಂದಲೂ ಮುಖ ಉಜ್ಜಿಕೊಂಡ.

ಬಸವಣ್ಣೆಮ್ಮ ವಾಯರು ತಾಗಿಸುವುದನ್ನು ನಿಲ್ಲಿಸಿದಳು. ಇದನ್ನು ಹೇಳಲು ಇಷ್ಟು ದಿನ ಕಾದಿದ್ದಳು, ಅತ್ತೆಯ ಬಾಯಿಂದ ಹೇಳಿಸುವ ಮಾತು ಅದಾಗಿರಲಿಲ್ಲ.

"ಮಾವ, ನೀವು ಬ್ಯಾಡ ಅಂದ್ರ ನಾ ಹೋಗಂಗಿಲ್ರಿ. ನಿಮ್ಮನ್ನ, ಅತ್ತೀನ್ನ ನೋಡ್ಕೊಂಡು ಇಲ್ಲೇ ಇರ್ತೀನಿ. ನಂದೇನ್ ತಕರಾರಿಲ್ಲ."

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಕಲ್ಯಾಣಮ್ಮ ಕೇಳುತ್ತಿದ್ದಳು. ಈ ಮುದುಕ ಈಗ 'ಇರು' ಅಂದುಬಿಟ್ಟರೆ ಹುಡುಗಿ ಇದ್ದೇ ಬಿಡುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.

ಅಮರಗುಂಡಪ್ಪ ಮುಂದಿನ ಬಲ್ಬನ್ನು ಎತ್ತಿಕೊಂಡು ಕೆರೆಯತೊಡಗಿದ. "ಇದು ನೋಡು," ಅಂದ. ಅಷ್ಟೇ.

ಹೊತ್ತು ಇಳಿಯುವಾಗ ಕೆಲಸ ಮುಗಿಯಿತು. ಕೆಟ್ಟ ಬಲ್ಬುಗಳು ಮೊರದಲ್ಲಿ ಒಂದು ಹಿಡಿಯಷ್ಟು ಬಿದ್ದಿದ್ದವು. ಅಮರಗುಂಡಪ್ಪ ಸರವನ್ನು ಮತ್ತೆ ಬಾಗಿಲಿಗೆ ಇಳಿಬಿಟ್ಟ. ಈ ಸಲ ಬಸವಣ್ಣೆಮ್ಮನೇ ಸ್ವಿಚ್ಚು ಒತ್ತಿದಳು. ಝಗ್ಗನೆ ಹತ್ತಿತು. ಮೊದಲಿಗಿಂತ ಹೆಚ್ಚು ಬೆಳ್ಳಗೆ, ಕಣ್ಣು ಕುಕ್ಕುವಷ್ಟು. ಬಣ್ಣವಿಲ್ಲದ ಬೆಳಕಿನಲ್ಲಿ ಆ ಒಂದೇ ಕೆಂಪು ಬಲ್ಬು. ಕಲ್ಯಾಣಮ್ಮ ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. "ಶಿವಶರಣಾ, ನನ್ನಪ್ಪಾ," ಎಂದು ವರ್ಷದಿಂದ ಅಳದೆ ಉಳಿದಿದ್ದನ್ನೆಲ್ಲ ಅತ್ತಳು. ಬಸವಣ್ಣೆಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತು ಬೆಳಕನ್ನೇ ನೋಡಿದಳು.

"ಆರಿಸಿಬಿಡ್ರಿ ಈಗ," ಅಂದಳು ಆಮೇಲೆ. "ಭಾಳ ಜೋರಾಗಿ ಉರಿಯಾಕತ್ತಾವು. ನಾಳಿಗಿ ಇರ್ಲಿ."

ಬಂಡಿ ಬಂದಾಗ ಕತ್ತಲು ಕೂಡಿತ್ತು. ಪಂಪಣ್ಣ ರಿವಾಜಿನಂತೆ ಬಂಡಿಯನ್ನು ಲೈನಿನ ಹಿಂದೆ, ಹಿತ್ತಲ ಕಡೆಗೆ ನಿಲ್ಲಿಸಿದ್ದ. ಕಂದೀಲು ಹಚ್ಚಿರಲಿಲ್ಲ. ಓಣಿಯ ಮುತ್ತೈದೆಯರು ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ಹಬ್ಬದ ಹೊತ್ತಿನಲ್ಲಿ ಇಂಥದು ಕಣ್ಣಿಗೆ ಬೀಳುವುದು ಬೇಡ ಎಂದು. ಇಮಾಮ್‌ಬೀ ಮಾತ್ರ ತನ್ನ ಬಾಗಿಲಲ್ಲಿ ನಿಂತಿದ್ದಳು, ಅವಳಿಗೆ ಆ ಕಟ್ಟಳೆ ಇರಲಿಲ್ಲ.

ಬಸವಣ್ಣೆಮ್ಮ ಬೆಂಡೋಲೆ ಬಿಚ್ಚಿ ಅತ್ತೆಯ ಕೈಗೆ ಕೊಟ್ಟಳು. ತವರಿನಿಂದ ಬಂದ ಸೀರೆ ಉಟ್ಟಿದ್ದಳು. ಅತ್ತೆಯ ಕಾಲಿಗೆ ಬಿದ್ದಳು. ಆಮೇಲೆ ಮೊರದ ಹತ್ತಿರ ಬಗ್ಗಿ, ಕೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ನಿಂತಳು.

"ಅತ್ತಿ, ಇದರಾಗ ಕೆಟ್ಟದ್ದೊಂದು ಒಯ್ಯಲೇನ್ರಿ? ಕೆಟ್ಟದ್ದಲಾ. ಯಾರಿಗೂ ಏನೂ ಆಗಂಗಿಲ್ಲ."

ಕಲ್ಯಾಣಮ್ಮ ಗಂಡನ ಕಡೆ ನೋಡಿದಳು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಪಂಪಣ್ಣ, "ಏ ತಂಗಿ, ಬ್ಯಾಡವಾ. ಈ ಮನಿ ಸಾಮಾನು ಆ ಮನಿಗಿ ಒಯ್ಯಬಾರದು. ಕೆಟ್ಟದಾಗ್ತದ," ಅಂದ.

ಮೂಲೆಯಲ್ಲಿ ಕೂತಿದ್ದ ಅಮರಗುಂಡಪ್ಪ ಎದ್ದ. ಮುಂಬಾಗಿಲಿಗೆ ಹೋಗಿ, ಕತ್ತಲಲ್ಲಿ ಸರವನ್ನು ತಡಕಿ, ಕೆಂಪು ಕಾಗದ ಉಳಿದಿದ್ದ ಬಲ್ಬನ್ನು ಬೆರಳಿನಿಂದ ಹುಡುಕಿದ. ಡಬ್ಬಿಯ ಇಕ್ಕಳದಿಂದ ಅದರ ಎರಡೂ ಕಡೆ ಕತ್ತರಿಸಿದ.

"ಮಾವ, ಅದು ಚೊಲೋದೈತ್ರಿ! ಈಗ ಇರೋದ ಅವಕ್ಕ ಭಾರ ಆಗೈತಿ. ಇನ್ನೊಂದು ತಗದ್ರ ತಡಿಯಂಗಿಲ್ಲ."

"ಎಷ್ಟು ತಡಿತಾವ ತಡಿಲಿ." ಅವನು ಎರಡು ತುದಿಗಳನ್ನು ಹೊಸೆದು ಕೂಡಿಸಿದ. ಈಗ ಬೆರಳು ತಾನೇ ಆ ಕೆಲಸ ಮಾಡಿತು. ಬಂದು ಬಲ್ಬನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದ. "ಕೆಟ್ಟದ್ದ ಯಾಕ ಒಯ್ತಿ? ಚೊಲೋದು ಒಯ್ಯಿ. ಆ ಮನಿಗಿ ಏ‍ನೂ ಕೆಟ್ಟದಾಗಂಗಿಲ್ಲ. ನನ್ನ ಮಗ ಯಾರಿಗಿ ಕೆಟ್ಟದ್ದು ಮಾಡ್ಯಾನ?"

ಅವನು ಹಿತ್ತಲ ಬಾಗಿಲ ಕಡೆ ತಿರುಗಿದ.

"ಪಂಪಣ್ಣಾ, ಬಂಡಿ ಮುಂದಕ ತಗೊಂಡು ಬಾ."

"ಯಜಮಾನ್ರ, ಉಡಕಿಗಿ ಹೋಗಾಕಿ ಹಿತ್ತಲ ಬಾಗಲಿಂದ..."

"ಮುಂದಿನ ಬಾಗಲದಿಂದ ಬಂದಾಕಿ ಮುಂದಿನ ಬಾಗಲದಿಂದ ಹೋಗ್ತಾಳ. ತಗೊಂಡು ಬಾ ಅಂದ್ನೆಲ್ಲ." ಅವನು ಸೊಸೆಯ ಕಡೆ ತಿರುಗಿದ. ಎಂದೂ ಅವಳ ಹೆಸರು ಹಿಡಿದು ಕರೆದವನಲ್ಲ. "ಬಸವಣ್ಣೆಮ್ಮಾ. ಆ ಕೂಸಿಗಿ ತಾಯಿ ಇಲ್ಲಂತ. ಚೊಲೋತ್ನಂಗ ನೋಡ್ಕೋ. ಹೋಗವಾ."

ಬಸವಣ್ಣೆಮ್ಮ ಅವನ ಕಾಲಿಗೆ ಬಿದ್ದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಕಲ್ಯಾಣಮ್ಮ ಹೋಗಿ ಸ್ವಿಚ್ಚು ಒತ್ತಿದಳು.

ಒಳಗೆ ಕತ್ತಲು, ಹೊರಗೆ ಬೆಳಕು. ಅಂಗಳದ ಸಾರಣೆ, ಬಂಡಿಯ ಗಾಲಿ, ಎತ್ತುಗಳ ಕೋಡು ಎಲ್ಲ ಬಿಳಿಬಿಳಿಯಾಗಿ ಕಂಡವು. ಆ ಬೆಳಕಿನಲ್ಲಿ ಬಸವಣ್ಣೆಮ್ಮ ಮುಷ್ಟಿಯನ್ನು ಎದೆಗೊತ್ತಿಕೊಂಡು ಹೊಸ್ತಿಲು ದಾಟಿ ಬಂಡಿ ಹತ್ತಿದಳು. ಅಕ್ಕಪಕ್ಕದ ಒಂದೆರಡು ಬಾಗಿಲು ಕಿರ್ರೆಂದು ತೆರೆದವು. ಪಂಪಣ್ಣ ಗಾಬರಿಯಲ್ಲಿ ಎತ್ತುಗಳನ್ನು ಜಲ್ದಿ ಹೊಡೆದ. ಹಿಂದಕ್ಕೆ ನೋಡಬಾರದು ಎಂಬುದು ಮತ್ತೊಂದು ಕಟ್ಟಳೆ. ಅವಳು ಬಂಡಿಯಲ್ಲಿ ಹಿಂದಕ್ಕೆ ಮುಖ ಮಾಡಿಯೇ ಕೂತಿದ್ದಳು.

ಬಂಡಿ ಲೈನು ದಾಟಿ ಲಿಂಗಸುಗೂರಿನ ದಾರಿಗೆ ಹೊರಳಿತು. ಸರ ಸುಣ್ಣದ ಹಾಗೆ ಬೆಳ್ಳಗೆ ಉರಿಯುತ್ತಿತ್ತು.

"ಸಾಕು, ಆರಿಸಲೇನ್ರಿ?" ಅಂದಳು ಕಲ್ಯಾಣಮ್ಮ. "ಉಳಿದವೂ ಸುಡ್ತಾವು. ನಾಳಿಗಿ, ನಾಡದು ಅಮಾಸಿಗಿ ಬೇಕಲ್ಲ."

"ಇರ್ಲಿ. ಗುಡ್ಡದ ತಿರುವಿನ ತನ ಕಾಣ್ತದ ಆಕಿಗಿ."

ಅವನು ಕಿವಿಗೊಟ್ಟು ನಿಂತ. ಮಿಲ್ಲಿನ ಕುಟ್ಟುವ ಸಪ್ಪಳದ ನಡುವೆ ಎತ್ತಿನ ಗಂಟೆ ಸಣ್ಣಗೆ, ಇನ್ನೂ ಸಣ್ಣಗೆ ಕೇಳುತ್ತಿತ್ತು. "ಚಂದ ಐತಿ," ಅಂದ ಒಮ್ಮೆಲೇ. "ಭಾಳ ಚಂದ ಐತಿ."

ಗಂಟೆಯ ಸಪ್ಪಳ ಇನ್ನೂ ಪೂರಾ ನಿಂತಿರಲಿಲ್ಲ, ಸರದ ಮೇಲ್ತುದಿಯ ಒಂದು ಬಲ್ಬು ನೀಲಿಯಾಗಿ ಮಿಂಚಿ ಹೋಯಿತು. ಅದರ ಜೊತೆಗೆ ಎಲ್ಲವೂ ಆರಿದವು.

ಕಲ್ಯಾಣಮ್ಮ ತಡಕಾಡುತ್ತ ಹೋಗಿ ಸ್ವಿಚ್ಚು ಆರಿಸಿದಳು. ಅಮರಗುಂಡಪ್ಪ ಕೈ ಎತ್ತಿ, ಸುಟ್ಟ ಬಲ್ಬು ಯಾವುದೆಂದು ಒಂದೊಂದೇ ಮುಟ್ಟಿ ನೋಡಿದ. ಎಲ್ಲವೂ ಬಿಸಿಯಾಗಿದ್ದವು. ಕೈಗೆ ಸಿಕ್ಕ ಒಂದನ್ನು ಮುಷ್ಟಿಯೊಳಗೆ ಮುಚ್ಚಿ ಹಿಡಿದು, ಅದು ತಣ್ಣಗಾಗುವವರೆಗೂ ಬಾಗಿಲಲ್ಲಿ ನಿಂತೇ ಇದ್ದ.